ಮೂರು ಹುಂಜಗಳ ವಿಚಾರವಾಗಿ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹತ್ತು ಹೇಂಟೆಗಳ ಜೊತೆಗೆ ಮೂರು ಹುಂಜಗಳು ಬೆಳೆದು ನಿಂತಿವೆಯೆಂದೂ, ಒಂದೇ ಕಾವಿನಲ್ಲಿ ಒಡೆದ ಮರಿಗಳಾದ್ದರಿಂದ ಅವು ಕಚ್ಚಾಡುತ್ತಿಲ್ಲವೆಂದೂ, ಹೀಗಾಗಿ ಮೂರನ್ನೂ ಉಳಿಸಿಕೊಳ್ಳುವ ಮನಸ್ಸಿದೆಯೆಂದೂ ಬರೆದಿದ್ದೀಯೆ. ಸಾಕಿದ ಜೀವಗಳ ಮೇಲೆ ನಿನಗಿರುವ ಅಕ್ಕರೆ ಕಂಡು ಸಂತೋಷವಾಯಿತು. ಆದರೆ ಮಗನೇ, ಹುಂಜಗಳು ಕಚ್ಚಾಡುತ್ತಿಲ್ಲವೆಂದ ಮಾತ್ರಕ್ಕೆ ಗೂಡು ನೆಮ್ಮದಿಯಾಗಿದೆ ಎಂದು ತಿಳಿಯಬೇಡ. ಅದನ್ನು ಹೇಂಟೆಗಳ ಬೆನ್ನು ನೋಡಿ ತಿಳಿಯಬೇಕು.

ಹುಂಜವು ಹೇಂಟೆಯನ್ನು ಮೆಟ್ಟುವಾಗ, ಎಂದರೆ ಕೂಡುವಾಗ, ಕೊಕ್ಕಿನಿಂದ ಅದರ ಕುತ್ತಿಗೆಯ ಗರಿಗಳನ್ನು ಹಿಡಿದು, ಎರಡೂ ಕಾಲುಗಳನ್ನು ಬೆನ್ನಿನ ಮೇಲೆ ಊರಿ ನಿಲ್ಲುತ್ತದೆ. ಒಂದು ಹುಂಜಕ್ಕೆ 8ರಿಂದ 12 ಹೇಂಟೆಗಳಿದ್ದರೆ ಈ ಭಾರ ಹಂಚಿಹೋಗುತ್ತದೆ. ಹತ್ತು ಹೇಂಟೆಗಳಿಗೆ ಮೂರು ಹುಂಜಗಳಾದಾಗ, ಯಜಮಾನ ಹುಂಜದ ಕಣ್ಣು ತಪ್ಪಿಸಿ ಉಳಿದೆರಡು ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗುತ್ತವೆ. ಅದನ್ನು ಕಂಡ ಯಜಮಾನ ಹುಂಜ ಓಡಿಬಂದು ಅದೇ ಹೇಂಟೆಯನ್ನು ಮತ್ತೆ ಮೆಟ್ಟುತ್ತದೆ. ಅದರಲ್ಲೂ ಸಾಧು ಸ್ವಭಾವದ ಒಂದೆರಡು ಹೇಂಟೆಗಳ ಮೇಲೆಯೇ ಹೆಚ್ಚಿನ ಹೊರೆ ಬೀಳುತ್ತದೆ.

ಆದ್ದರಿಂದ ಕತ್ತಲಾಗಿ ಕೋಳಿಗಳು ಕೋಲಿನ ಮೇಲೆ ಕೂತು ಶಾಂತವಾದ ಮೇಲೆ, ಒಂದೊಂದೇ ಹೇಂಟೆಯನ್ನು ಕೈಗೆತ್ತಿಕೊಂಡು ದೀಪದ ಬೆಳಕಿನಲ್ಲಿ ನೋಡು. ಬೆನ್ನಿನ ಗರಿಗಳು ಮುರಿದು ಬರೀ ದಂಟುಗಳು ಉಳಿದಿವೆಯೇ, ತಲೆಯ ಹಿಂಭಾಗ ಬೋಳಾಗಿದೆಯೇ, ಚರ್ಮ ಕೆಂಪೇರಿದೆಯೇ ಎಂದು ಗಮನಿಸು. ಬಳಿಕ ರೆಕ್ಕೆಯನ್ನು ಎತ್ತಿ ಪಕ್ಕೆಯನ್ನು ನೋಡಲು ಮರೆಯಬೇಡ, ಏಕೆಂದರೆ ಹುಂಜದ ಕಾಲಿನ ಮುಳ್ಳು ಸೀಳಿದ ಗಾಯ ಅಲ್ಲಿ ಗರಿಗಳ ಮರೆಯಲ್ಲಿ ಇರುತ್ತದೆ, ಹಗಲಿನಲ್ಲಿ ದೂರದಿಂದ ಎಷ್ಟು ನೋಡಿದರೂ ಕಾಣುವುದಿಲ್ಲ. ಗಾಯ ಕಂಡರೆ ಆ ಹೇಂಟೆಯನ್ನು ಅಂದೇ ಬೇರೆ ಇಡು. ರಕ್ತದ ಕೆಂಪು ಕಂಡಲ್ಲಿ ಉಳಿದ ಕೋಳಿಗಳು ಕುಕ್ಕುತ್ತಲೇ ಹೋಗುತ್ತವೆ. ಬೆನ್ನಿಗೆ ಬಟ್ಟೆಯ ಹೊದಿಕೆ ಕಟ್ಟುವ ರೂಢಿಯೂ ಇದೆ. ಹೊಸ ಗರಿ ಬರುವವರೆಗೆ ಅದು ಆಸರೆಯಾದೀತೇ ಹೊರತು ಹುಂಜಗಳ ಸಂಖ್ಯೆ ಕಡಿಮೆ ಮಾಡುವುದಕ್ಕೆ ಬದಲಾಗದು.

ಅಣ್ಣತಮ್ಮಂದಿರೆಂಬ ನಿನ್ನ ಭರವಸೆಯ ಬಗ್ಗೆಯೂ ಒಂದು ಮಾತು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲು ಕೀಳಿನ ಕ್ರಮವಿರುವುದನ್ನು ನಾರ್ವೆಯ ಷೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸರು 1920ರ ದಶಕದಲ್ಲೇ ವಿವರಿಸಿದ್ದಾರೆ. ಜೊತೆಯಲ್ಲಿ ಬೆಳೆದ ಹುಂಜಗಳಲ್ಲಿ ಈ ಕ್ರಮ ಎಳವೆಯಲ್ಲೇ ನಿಂತಿರುತ್ತದೆ ನಿಜ, ಆದರೆ ನಾಲ್ಕೈದು ತಿಂಗಳಿಗೆ ಪ್ರಾಯ ಬಂದಾಗ ಅದು ಮತ್ತೆ ಪರೀಕ್ಷೆಗೆ ಒಳಗಾಗುತ್ತದೆ. ನಿನ್ನ ಮೂರರಲ್ಲಿ ಯಾವುದು ಯಜಮಾನನೆಂದು ತಿಳಿಯಬೇಕಿದ್ದರೆ ನಸುಕಿನಲ್ಲಿ ಕಿವಿಗೊಡು: ಮೇಲಿನ ಸ್ಥಾನದ ಹುಂಜ ಮೊದಲು ಕೂಗುತ್ತದೆ, ಉಳಿದವು ತಮ್ಮ ಸರದಿ ಕಾಯುತ್ತವೆ ಎಂಬುದನ್ನು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. ಕುತ್ತಿಗೆಯ ಗರಿ ನಿಮಿರಿಸಿ ಎರಡು ಸಲ ಹಾರಿ, ಒಂದು ಹುಂಜ ಮುಖ ತಿರುಗಿಸಿದೊಡನೆ ಮುಗಿಯುವ ಜಗಳಕ್ಕೆ ನೀನು ಅಡ್ಡ ಹೋಗಬೇಕಾಗಿಲ್ಲ. ಸೋತು ಓಡಿದ್ದನ್ನು ಬಿಡದೆ ಮೂಲೆಗೊತ್ತಿ, ಜುಟ್ಟು ಮತ್ತು ಕಣ್ಣಿಗೆ ಕುಕ್ಕತೊಡಗಿದರೆ ಮಾತ್ರ ತಕ್ಷಣ ಬಿಡಿಸು. ಆಗಲೂ ನಡುವೆ ಕೈ ಹಾಕದೆ, ಹಲಗೆಯೊಂದನ್ನು ಅಡ್ಡ ಹಿಡಿ.

ಹೇಂಟೆಗಳ ಜೊತೆ ಒಂದನ್ನೇ ಬಿಡು ಎಂಬುದು ನನ್ನ ಸಲಹೆ. ಗಾತ್ರವನ್ನೂ ಬಣ್ಣವನ್ನೂ ನೋಡಿ ಆರಿಸಬೇಡ. ಕಾಳು ಕಂಡಾಗ ತಾನು ನುಂಗದೆ ಕುಕ್ ಕುಕ್ ಎಂದು ಹೇಂಟೆಗಳನ್ನು ಕರೆದು, ಕಾಳನ್ನು ಎತ್ತಿ ಎತ್ತಿ ಹಾಕಿ ತೋರಿಸುವ, ಹದ್ದಿನ ನೆರಳು ಕಂಡೊಡನೆ ಎಚ್ಚರಿಸುವ, ನಿನ್ನ ಮೇಲೆ ಎಗರಿ ಬರದ ಹುಂಜವನ್ನು ಉಳಿಸಿಕೋ. ಮನುಷ್ಯರ ಮೇಲೆ ಬೀಳುವ ಹುಂಜ ಎಷ್ಟೇ ಚೆಲುವಾಗಿದ್ದರೂ ಮರಿ ಮಾಡಿಸಲು ಬೇಡ.

ಉಳಿದೆರಡನ್ನು ಸಾಕಲೇಬೇಕೆಂದಿದ್ದರೆ ಅವಕ್ಕೆ ಬೇರೆ ಗೂಡು ಮಾಡು, ಸಾಧ್ಯವಾದರೆ ಹೇಂಟೆಗಳು ಕಣ್ಣಿಗೆ ಬೀಳದ ಕಡೆ. ಪೈಪೋಟಿಗೆ ಹೇಂಟೆಗಳಿಲ್ಲದಿದ್ದರೆ ಹುಂಜಗಳು ಸಾಮಾನ್ಯವಾಗಿ ಹೊಂದಿಕೊಂಡೇ ಇರುತ್ತವೆ. ಮೇವು ಮತ್ತು ನೀರನ್ನು ಎರಡು ಕಡೆ ಇಟ್ಟು, ಸೋತದ್ದು ಮರೆಯಾಗಲು ಗೋಡೆಗೆ ಒಂದೆರಡು ಹಲಗೆಗಳನ್ನು ಒರಗಿಸು. ಎರಡನ್ನೂ ಒಂದೇ ದಿನ ಸಾಗಿಸು. ಒಂದನ್ನು ವಾರಗಟ್ಟಲೆ ಬೇರೆ ಇಟ್ಟು ಮರಳಿ ಸೇರಿಸಿದರೆ ಅದು ಅಪರಿಚಿತನಂತಾಗಿ ಜಗಳ ಮೊದಲಿನಿಂದ ಶುರುವಾಗುತ್ತದೆ. ಕಾಲಿನ ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು, ಆದರೆ ಒಳಗೆ ಎಲುಬೂ ರಕ್ತನಾಳವೂ ಇರುವುದರಿಂದ ತುದಿ ದಾಟಿ ಒಳಕ್ಕೆ ಹೋಗಬೇಡ.

ಆರಿಸಿದ ಹುಂಜದ ಮರಿಗಳೇ ಬೇಕೆಂದಿದ್ದರೆ ಮೊಟ್ಟೆಗಳನ್ನು ಕೂಡಲೇ ಕಾವಿಗೆ ಇಡಬೇಡ. ಹೇಂಟೆಯ ಒಡಲಲ್ಲಿ ಹಿಂದಿನ ಹುಂಜಗಳ ಬೀಜ ಎರಡು ವಾರಕ್ಕೂ ಮೇಲ್ಪಟ್ಟು ಉಳಿಯಬಲ್ಲದು. ಅವನ್ನು ಬೇರೆ ಮಾಡಿ ಒಂದು ತಿಂಗಳು ಕಳೆಯುವವರೆಗೆ ಸಿಕ್ಕ ಮೊಟ್ಟೆಗಳನ್ನೆಲ್ಲ ಅಡುಗೆಗೆ ಬಳಸಿಕೋ.

ಇಂತಿ,
ನಿನ್ನ ದೊಡ್ಡಪ್ಪ