ತೇವಾಂಶ ಮೀಟರು ನೀರನ್ನು ಅಳೆಯುವುದಿಲ್ಲ

ಮಾನ್ಯ ಸಂಪಾದಕರೇ,

ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳ ಮಾರುಕಟ್ಟೆಗೆ ಬರತೊಡಗಿದರೆ ತೇವಾಂಶದ ತಕರಾರೂ ಶುರು. ಒಂದೇ ಚೀಲದ ಕಾಳಿಗೆ ಒಂದು ಅಂಗಡಿಯ ಮೀಟರು ಶೇ. 16 ಅಂದರೆ ಪಕ್ಕದ್ದು ಶೇ. 18 ಅನ್ನುತ್ತದೆ. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಅಳೆಯುವ ಕ್ರಮ ತಪ್ಪಿದರೂ ಸಾಕು.

ಮೀಟರಿನಲ್ಲಿ ಕಾಳು ಸುರಿಯುವ ಬಟ್ಟಲೇ ಕೆಪಾಸಿಟರ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಧನ. ಒಳಗಿನ ವಸ್ತು ಆ ಸಾಮರ್ಥ್ಯವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆಂಬುದೇ ಡೈಎಲೆಕ್ಟ್ರಿಕ್ ಸ್ಥಿರಾಂಕ; ನೀರಿನದ್ದು 80ರ ಹತ್ತಿರ, ಒಣ ಕಾಳಿನದ್ದು ಒಂದಂಕಿಯದ್ದು ಮಾತ್ರ. ಕಾಳಿನಲ್ಲಿ ಪಸೆ ಹೆಚ್ಚಿದಷ್ಟೂ ಬಟ್ಟಲಿನ ಧಾರಕತೆ (ಆವೇಶ ಹಿಡಿಯುವ ಸಾಮರ್ಥ್ಯ) ಏರುತ್ತದೆ. ಮೀಟರು ಅಳೆಯುವುದು ಇದನ್ನೇ. ಅದನ್ನು ಶೇಕಡಾವಾರು ಅಂಕಿಗೆ ತಿರುಗಿಸುವುದು ಅದರೊಳಗಿನ ಕೋಷ್ಟಕ. ಆದರೆ ಧಾರಕತೆ ಏರಲು ನೀರೊಂದೇ ಕಾರಣವಲ್ಲ. ಬಟ್ಟಲು ಕುಟ್ಟಿ, ಕಾಳು ಒತ್ತಿ ತುಂಬಿದರೂ ಏರುತ್ತದೆ. ಬಿಸಿಲಲ್ಲಿ ಕಾದ ಕಾಳನ್ನು ನೆರಳಲ್ಲಿದ್ದ ಮೀಟರಿಗೆ ಸುರಿದ ತಕ್ಷಣ ಓದಿದರೂ ಏರುತ್ತದೆ, ಏಕೆಂದರೆ ಉಷ್ಣತೆ ಸರಿದೂಗಿಸುವ ಸೆನ್ಸರಿಗೆ ಕಾಳಿನ ಬಿಸಿ ಇನ್ನೂ ಮುಟ್ಟಿರುವುದಿಲ್ಲ. ತುಂತುರು ಮಳೆಗೆ ಸಿಪ್ಪೆಯಷ್ಟೇ ನೆನೆದರೂ ಅಂಕಿ ಜಿಗಿಯುತ್ತದೆ. ಆಗಷ್ಟೇ ಡ್ರೈಯರಿನಿಂದ ಇಳಿಸಿದ ಕಾಳು ಹೊರಗೆ ಒಣಗಿ ಒಳಗೆ ಹಸಿ ಇರುತ್ತದೆ. ಅಲ್ಲಿ ಅಂಕಿ ಕಡಿಮೆ ಬಂದು ಕೊಂಡವರಿಗೆ ನಷ್ಟ. ಯಾವ ಧಾನ್ಯವೆಂದು ಮೀಟರಿಗೆ ಹೇಳುವ ಕೋಡ್ ಭತ್ತದ್ದೇ ಇರುವಾಗ ಬದಲಿಸದೆ ಮೆಕ್ಕೆಜೋಳ ಅಳೆದರಂತೂ ಆ ಅಂಕಿಗೆ ಅರ್ಥವೇ ಇಲ್ಲ.

ರಾಶಿಯ ಮೇಲೆ, ನಡುವೆ, ತಳದಿಂದ ಕಾಳು ತೆಗೆದು ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮೀಟರಿನ ಜೊತೆಗೇ ಅರ್ಧ ಗಂಟೆ ನೆರಳಲ್ಲಿಡಬೇಕು. ಹೊಟ್ಟು, ನುಚ್ಚು ಜರಡಿ ಹಿಡಿದು, ಒಂದೇ ಎತ್ತರದಿಂದ ಸುರಿದು, ಒತ್ತದೆ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಮೂರರಲ್ಲಿ ಅರ್ಧ ಅಂಕಿಗಿಂತ ಹೆಚ್ಚು ಅಂತರ ಬಂದರೆ ಮತ್ತೆ ಮೊದಲಿಂದ.

ತೇವಾಂಶಕ್ಕೆಂದು ತೂಕದಲ್ಲಿ ಹಿಡಿಯುವ ಕಡಿತದ ಲೆಕ್ಕವನ್ನೂ ರೈತರು ತಿಳಿದಿರಲಿ. ತೇವಾಂಶವನ್ನು ಶೇ. 18ರಿಂದ 14ಕ್ಕೆ ಇಳಿಸಿದರೆ ಕ್ವಿಂಟಲಿಗೆ ಹೋಗುವುದು 4 ಕೆಜಿಯಲ್ಲ. ಕ್ವಿಂಟಲಿನಲ್ಲಿ ಒಣ ಭಾಗ 82 ಕೆಜಿ, ಒಣಗಿದ ಮೇಲೆ ಅದೇ ಶೇ. 86 ಆಗಬೇಕು; 82ನ್ನು 86ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಉಳಿಯುವುದು 95.35 ಕೆಜಿ, ಅಂದರೆ ಕಡಿತ 4.65 ಕೆಜಿ. ಅದಕ್ಕಿಂತ ಹೆಚ್ಚು ಹಿಡಿದರೆ ಯಾವ ಬಾಬ್ತಿಗೆಂದು ಚೀಟಿಯಲ್ಲಿ ಬರೆಯಿಸಿಕೊಳ್ಳಿ. ಮೀಟರು ಒಂದು ಅಂಕಿ ತಪ್ಪಿದರೆ ಕ್ವಿಂಟಲಿಗೆ 1.16 ಕೆಜಿ, 50 ಕ್ವಿಂಟಲ್ ಲೋಡಿಗೆ 58 ಕೆಜಿ.

ಎಪಿಎಂಸಿ ಪ್ರಾಂಗಣಗಳಲ್ಲಿ ಒಂದು ವಿದ್ಯುತ್ ಓವನ್, 0.01 ಗ್ರಾಂ ತೋರಿಸುವ ತಕ್ಕಡಿ ಇಡಿಸಿ. 15 ಗ್ರಾಂ ಇಡೀ ಕಾಳನ್ನು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಒಣಗಿಸಿದರೆ ಕಳೆದ ತೂಕವೇ ನಿಜವಾದ ತೇವಾಂಶ. ಹಂಗಾಮಿಗೆ ಮುಂಚೆ ಪ್ರತಿ ಅಂಗಡಿಯ ಮೀಟರನ್ನೂ ಇದಕ್ಕೆ ಹೋಲಿಸಿ, ಎಷ್ಟು ಹೆಚ್ಚು ಅಥವಾ ಕಡಿಮೆ ತೋರಿಸುತ್ತದೆಂದು ದಿನಾಂಕ ಸಹಿತ ಅದರ ಮೇಲೆಯೇ ಅಂಟಿಸಲಿ.

– ಒಬ್ಬ ಓದುಗ, ರಾಣೆಬೆನ್ನೂರು