ಭಾನುವಾರ ಡೀಬೆನ್‌ಕಾರ್ನ್ ಚಿತ್ರಗಳು
ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಸೇರೋಣ. ಈ ಸಲ ಅಮೆರಿಕದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ (1922–1993). ಅಮೂರ್ತ ಚಿತ್ರಗಳಿಂದ (ವಸ್ತುಗಳನ್ನು ಇದ್ದಂತೆ ತೋರಿಸದ, ಬಣ್ಣ-ಗೆರೆಗಳ ಚಿತ್ರಗಳು) ಹೆಸರು ಮಾಡಿದ್ದವರು 1955ರಲ್ಲಿ ಮನುಷ್ಯರು, ಕಿಟಕಿ, ಕುರ್ಚಿಗಳತ್ತ ಹೊರಳಿದರು. 1967ರಲ್ಲಿ ಮತ್ತೆ ಅಮೂರ್ತಕ್ಕೆ ಮರಳಿ ‘ಓಷನ್ ಪಾರ್ಕ್’ ಸರಣಿ ಆರಂಭಿಸಿದರು. ಇದನ್ನು ಚಂಚಲತೆ ಎಂದರೆ ನಾನು ಒಪ್ಪುವುದಿಲ್ಲ. 1963ರ ‘ಸಿಟಿಸ್ಕೇಪ್ 1’ ನೋಡಿಕೊಂಡು ಬನ್ನಿ: ನಡುವೆ ರಸ್ತೆ, ಎಡಕ್ಕೆ ಕಟ್ಟಡಗಳು, ಬಲಕ್ಕೆ ಬರೀ ಹೊಲದ ಪಟ್ಟಿಗಳು. ನಮ್ಮ ಎರೆಹೊಲದ ಬದುಗಳೇ ನೆನಪಾಗುತ್ತವೆ. ‘ಓಷನ್ ಪಾರ್ಕ್’ನಲ್ಲಿ ಅವರು ತಿದ್ದಿದ ಗೆರೆಗಳೂ ತೆಳುಬಣ್ಣದ ಅಡಿಯಿಂದ ಇಣುಕುತ್ತವೆ, ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಇದ್ದಿಲು, ಕಾಗದ ತನ್ನಿ. ಮೊದಲು ಮಾಳಿಗೆಯಿಂದ ಕಾಣುವ ಗೋಲಗುಮ್ಮಟವನ್ನು ಬರೆಯೋಣ, ಆಮೇಲೆ ಅದರ ನೆರಳುಗಳನ್ನಷ್ಟೇ. ಬರುವವರು ಶನಿವಾರ ಸಂಜೆಯೊಳಗೆ ತಿಳಿಸಿ.