ಮನೆಯ ರೀತಿ ಬಾಯಿಬಿಟ್ಟು ಹೇಳಿದವರಿಗೆ

ಬೇರೆ ದೇಶದ ಮನೆಯೊಂದರಲ್ಲಿ ಇದ್ದು ಓದುವ ವಿದ್ಯಾರ್ಥಿ ವಿನಿಮಯದ ಈ ಸಾಲಿನ ಮಕ್ಕಳು ವರ್ಷ ಮುಗಿಸಿ ಊರಿಗೆ ಹೊರಟಿದ್ದಾರೆ. ಬಿಡಿಗಾಸೂ ಪಡೆಯದೆ ಅವರನ್ನು ಮನೆಯಲ್ಲಿಟ್ಟುಕೊಂಡ ಆತಿಥೇಯ ಕುಟುಂಬಗಳಿಗೆ ನಮ್ಮ ಸಂಯೋಜಕರ ತಂಡದ ವಂದನೆ. ನಿಮ್ಮ ಪ್ರೀತಿಯ ಬಗ್ಗೆ ಮಕ್ಕಳೇ ಹೇಳುತ್ತಾರೆ. ನಾವು ನೆನೆಯುವುದು ಮೊದಲ ಕೆಲವು ವಾರ ನೀವು ಮಾಡಿದ, ಯಾರ ಕಣ್ಣಿಗೂ ಬೀಳದ ಕೆಲಸಗಳನ್ನು.

‘ಇದು ನಿನ್ನದೇ ಮನೆ ಅಂದ್ಕೋ’ ಎಂದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಫ್ರಿಜ್ ಕೇಳದೆ ತೆಗೆಯಬಹುದೇ, ಬೆಳಿಗ್ಗೆ ಸ್ನಾನಕ್ಕೆ ಯಾರ ನಂತರ ಯಾರು, ಕೋಣೆಯ ಬಾಗಿಲು ಹಾಕಿಕೊಂಡರೆ ಬೇಸರವೇ? ರೋಟರಿ ಎಂಬ ಸೇವಾ ಸಂಸ್ಥೆಯ ಯುವ ವಿನಿಮಯದಲ್ಲಿ ‘ಮೊದಲ ರಾತ್ರಿಯ ಪ್ರಶ್ನೆಗಳು’ ಎಂಬ ಪಟ್ಟಿ ಇರುವುದೇ ಇದಕ್ಕೆ. ಹೆಸರು ಹಾಗಿದ್ದರೂ ಅಷ್ಟನ್ನೂ ಅದೇ ರಾತ್ರಿ ಓದಿಸದೆ ಬೀಗ, ಬಚ್ಚಲು, ವೈಫೈ, ತುರ್ತು ಫೋನ್ ನಂಬರ್ ಇಷ್ಟನ್ನೇ ಹೇಳಿ ಮಲಗಲು ಬಿಟ್ಟವರಿಗೆ ಮೊದಲ ಧನ್ಯವಾದ. ದೂರದ ವಿಮಾನ ಪ್ರಯಾಣದಿಂದ ನಿದ್ದೆಯ ಹೊತ್ತು ತಪ್ಪಿ ಜೆಟ್‌ಲ್ಯಾಗ್‌ನಲ್ಲಿ ಇದ್ದವರು ಎಲ್ಲಕ್ಕೂ ತಲೆಯಾಡಿಸುತ್ತಾರೆ. ‘ಅರ್ಥ ಆಯ್ತಾ’ ಅಂತ ಕೇಳಿದರೆ ಉತ್ತರ ಯಾವಾಗಲೂ ‘ಹೂಂ’. ‘ಎಲ್ಲಿ, ನೀನೇ ಒಂದ್ಸಲ ಬೀಗ ತೆಗೆದು ತೋರಿಸು’ ಅಂದವರ ಮನೆಯ ಮಕ್ಕಳು ತಾನಾಗಿ ಲಾಕ್ ಆಗುವ ಬಾಗಿಲಿನ ಹೊರಗೆ ಕೀ ಇಲ್ಲದೆ ನಿಲ್ಲುವುದು ಕಡಿಮೆ.

ಹೆಚ್ಚು ಜಗಳ ಹುಟ್ಟುವ ಜಾಗ ಬಚ್ಚಲು. ನೆಲದಲ್ಲಿ ನೀರು ಹೋಗುವ ತೂತೇ ಇಲ್ಲದ ಬಚ್ಚಲನ್ನು ಅನೇಕ ಮಕ್ಕಳು ನೋಡಿರುವುದಿಲ್ಲ. ಶವರ್ ಪರದೆಯ ತುದಿ ಟಬ್ಬಿನ ಒಳಗಿರಬೇಕು. ಹೊರಗೆ ಬಿಟ್ಟರೆ ನೀರು ಪರದೆಗುಂಟ ಇಳಿದು ನೆಲಕ್ಕೆ ಬಂದು, ಹಲಗೆಯ ಸಂದಿಗೆ ಸೇರಿ, ಕೆಳಗಿನ ಮನೆಯ ಚಾವಣಿಯಲ್ಲಿ ಕಲೆಯಾಗಿ ಕಾಣುತ್ತದೆ. ಬಿಸಿನೀರೂ ಅಷ್ಟೇ: ಟ್ಯಾಂಕಿನಲ್ಲಿ ಕಾದಿರುವುದು ಖಾಲಿಯಾದರೆ ಮುಂದಿನವರಿಗೆ ತಣ್ಣೀರೇ ಗತಿ. ‘ಬೇಗ ಮುಗಿಸು’ ಎಂದು ಬಾಗಿಲು ಬಡಿಯದೆ ‘ಹತ್ತು ನಿಮಿಷ, ಯಾಕಂದ್ರೆ ನಿನ್ನ ಹಿಂದೆ ಇಬ್ಬರಿದ್ದಾರೆ’ ಎಂದವರಿಗೆ ಶರಣು.

ಊಟದ ವಿಷಯ ಸೂಕ್ಷ್ಮ. ಮೊದಲ ಸಲ ಬೇಡ ಎನ್ನುವುದು ಕೆಲವು ಮಕ್ಕಳಿಗೆ ಮರ್ಯಾದೆ, ಬೇಡ ಅಂದವರನ್ನು ಒತ್ತಾಯಿಸದಿರುವುದು ಕೆಲವು ಮನೆಗಳ ಮರ್ಯಾದೆ. ಇಬ್ಬರ ಮರ್ಯಾದೆಯ ನಡುವೆ ಹುಡುಗಿ ಹಸಿದು ಮಲಗುತ್ತಾಳೆ. ‘ಈ ಶೆಲ್ಫ್‌ನಲ್ಲಿರೋದು ಯಾವ ಹೊತ್ತಿಗಾದರೂ ನಿನಗೆ’ ಅಂತ ಫ್ರಿಜ್‌ನ ಒಂದು ಶೆಲ್ಫ್ ಬಿಟ್ಟುಕೊಟ್ಟವರು ಇದನ್ನು ಸುಲಭಕ್ಕೆ ಬಿಡಿಸಿದರು.

ಸಂಜೆ ಏಳಕ್ಕೇ ಕೋಣೆ ಸೇರುವುದನ್ನು ಅಹಂಕಾರ ಎಂದುಕೊಳ್ಳದವರಿಗೂ ವಂದನೆ. ದಿನವಿಡೀ ಪರಭಾಷೆ ಕೇಳಿದ ತಲೆಗೆ ಸುಸ್ತು, ಅದು ಸಿಟ್ಟಲ್ಲ. ಆದರೆ ಕೋಣೆ ಸೇರಿದ್ದು ದಿನವೂ ಎರಡೆರಡು ಗಂಟೆ ಊರಿಗೆ ವಿಡಿಯೋ ಕಾಲ್ ಮಾಡಲು ಎಂದಾದರೆ ಬೇರೆ ಮಾತು, ಹಾಗೆ ಮಾಡಿದರೆ ಹೊಸ ಮನೆಗೆ ಒಗ್ಗುವುದೇ ತಡವಾಗುತ್ತದೆ. ಫೋನ್ ಕಿತ್ತುಕೊಳ್ಳದೆ, ಕರೆಗೆ ವಾರದಲ್ಲಿ ಒಂದೆರಡು ದಿನ ಗೊತ್ತುಮಾಡಿದ ಮನೆಗಳಲ್ಲಿ ರಗಳೆ ಕಡಿಮೆ.

ಕೆಲವು ಕಡೆ ಹೊಂದಾಣಿಕೆ ಆಗಲೇ ಇಲ್ಲ. ತಿಂಗಳುಗಟ್ಟಲೆ ಹಲ್ಲುಕಚ್ಚಿ ಸಹಿಸದೆ ಬೇಗನೆ ನಮಗೆ ತಿಳಿಸಿದ ಕುಟುಂಬಗಳಿಗೆ ನಾವು ಋಣಿ. ಮನೆ ಬದಲಾದರೆ ಅದು ಯಾರ ಸೋಲೂ ಅಲ್ಲ. ಮುಂದಿನ ಮನೆ ಸಿಗುವ ತನಕ, ಒಂದು ಫೋನಿಗೆ ಒಪ್ಪಿ ಹಾಸಿಗೆ ಹಾಸಿಕೊಟ್ಟ ತಾತ್ಕಾಲಿಕ ಕುಟುಂಬಗಳ ಹೆಸರು ಪ್ರಮಾಣಪತ್ರದಲ್ಲಿ ಬರುವುದಿಲ್ಲ. ಹಾಗಾಗಿ ಕೊನೆಯ ಧನ್ಯವಾದ ಅವರಿಗೆ.